ಎಂಪಿ3ಟ್ಯಾಗ್: ಅಪ್ಪನ ಕ್ಯಾಸೆಟ್‌ಗಳ ಜೊತೆ ಮೂರು ವರ್ಷ

ಅಪ್ಪನ ತಾಳಮದ್ದಳೆ ಕ್ಯಾಸೆಟ್‌ಗಳು ಎರಡು ರಟ್ಟಿನ ಡಬ್ಬಿ ತುಂಬಾ ಇದ್ದವು. ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿ, ಅರ್ಥಧಾರಿಗಳ ಹೆಸರು, ಊರು, ವರ್ಷ ಎಲ್ಲ ತುಂಬಿಸಿದೆ. ಆಮೇಲೆ ಕಂಪ್ಯೂಟರಿನಲ್ಲಿ ‘ತಾಳಮದ್ದಳೆ’ ಅಂತ ಹುಡುಕಿದರೆ ಒಂದೇ ಒಂದು ಫೈಲ್ ಬರಲಿಲ್ಲ. ಹುಡುಕಾಟಕ್ಕೆಂದು ಕಂಪ್ಯೂಟರ್ ಮಾಡಿಟ್ಟುಕೊಳ್ಳುವ ಪಟ್ಟಿಯನ್ನು (ಇಂಡೆಕ್ಸ್) ಅಳಿಸಿ ರಾತ್ರಿಯಿಡೀ ಹೊಸದಾಗಿ ಕಟ್ಟಿಸಿದೆ. ಬೆಳಿಗ್ಗೆ ನೋಡಿದರೆ ಅದೇ ಕಥೆ.

ಆಗ ಹಾಕಿಕೊಂಡಿದ್ದು ಎಂಪಿ3ಟ್ಯಾಗ್. ಧ್ವನಿ ಫೈಲಿನೊಳಗೇ ಇರುವ ಹೆಸರು, ವರ್ಷದಂಥ ವಿವರಗಳನ್ನು, ಅಂದರೆ ಟ್ಯಾಗನ್ನು, ತಿದ್ದುವ ತಂತ್ರಾಂಶ ಇದು. ವಿಂಡೋಸ್‌ನಲ್ಲಿ ಉಚಿತ. ಇದರಲ್ಲಿ ಪ್ರತಿ ಫೈಲಿನ ಎದುರು ಯಾವ ಬಗೆಯ ಟ್ಯಾಗ್ ಇದೆ ಅಂತ ತೋರಿಸುವ ಒಂದು ಕಾಲಮ್ ಇದೆ. ರೋಗ ಸಿಕ್ಕಿದ್ದು ಅಲ್ಲೇ. ನಾನು ಮೊದಲು ಬಳಸಿದ್ದ ಹಳೇ ತಂತ್ರಾಂಶ ಎಂಪಿ3 ಫೈಲಿಗೆ ಟ್ಯಾಗ್ ಬರೆಯುವ ಐಡಿ3 ಅನ್ನೋ ಪದ್ಧತಿಯ ಆವೃತ್ತಿ 1 ಮಾತ್ರ ಬರೆದಿತ್ತು. ಅದು 1996ರ ಏರ್ಪಾಡು. ಫೈಲಿನ ಕೊನೆಯ 128 ಬೈಟ್ ಅಷ್ಟೇ ಅದರ ಜಾಗ, ಶೀರ್ಷಿಕೆಗೆ ಅದರಲ್ಲಿ 30. ಕನ್ನಡದಂಥ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುನಿಕೋಡ್ ಅಂತೂ ಅದಕ್ಕೆ ಗೊತ್ತೇ ಇಲ್ಲ. ಗೊತ್ತಿದ್ದರೂ ‘ತಾಳಮದ್ದಳೆ’ ಅನ್ನೋ ಒಂದು ಪದವೇ ಯುಟಿಎಫ್-8 ಅನ್ನೋ ಯುನಿಕೋಡ್ ರೂಪದಲ್ಲಿ 27 ಬೈಟ್ ನುಂಗುತ್ತದೆ! ನಾನು ಕಷ್ಟಪಟ್ಟು ಟೈಪ್ ಮಾಡಿದ್ದೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಯಾಗಿ ಕೂತಿತ್ತು.

ಪುಣ್ಯಕ್ಕೆ ಫೈಲಿನ ಹೆಸರು ಕನ್ನಡದಲ್ಲೇ ಉಳಿದಿತ್ತು. ಎಲ್ಲವನ್ನೂ ಆಯ್ದು ಆಲ್ಟ್ ಮತ್ತು 2 ಒತ್ತಿದೆ. ಹೆಸರಿನಲ್ಲಿ ಅಡ್ಡಗೆರೆಗೆ ಮೊದಲಿರುವುದು ಆಲ್ಬಮ್, ಆಮೇಲಿನದು ಶೀರ್ಷಿಕೆ ಅಂತ ಒಮ್ಮೆ ಹೇಳಿಕೊಟ್ಟರೆ ಸಾಕು, ಎಲ್ಲ ಫೈಲ್‌ಗಳಿಗೂ ತಾನೇ ತುಂಬುತ್ತದೆ. ಟ್ಯಾಗನ್ನು ಐಡಿ3 ಆವೃತ್ತಿ 2.3, ಯುಟಿಎಫ್-16 (ಇದೂ ಯುನಿಕೋಡ್‌ನ ಒಂದು ರೂಪ) ಅಂತ ಇಟ್ಟಿದ್ದೇನೆ. ಹಳೇ ಪ್ಲೇಯರ್‌ಗಳೂ ಇದನ್ನು ಓದುತ್ತವೆ.

ಒಂದು ಎಡವಟ್ಟು ನನ್ನದೇ. ಫೈಲಿನ ತಾರೀಖು ಬದಲಾಗಬಾರದು ಅಂತ ಸೆಟ್ಟಿಂಗ್ಸ್‌ನಲ್ಲಿ ಸುಮ್ನೆ ಒಂದು ಟಿಕ್ ಹಾಕಿದ್ದೆ. ತಾರೀಖು ಬದಲಾದರೆ ಮಾತ್ರ ಫೈಲನ್ನು ಮತ್ತೆ ಓದುವ ಹುಡುಕಾಟಕ್ಕೆ ಹೊಸ ಟ್ಯಾಗ್ ಬಂದಿದ್ದು ಹೇಗೆ ಗೊತ್ತಾಗಬೇಕು, ಅಲ್ವಾ? ಟಿಕ್ ತೆಗೆದು ಮತ್ತೆ ಸೇವ್ ಮಾಡಿದ ಮೇಲೆ ಫೈಲ್‌ಗಳು ಒಂದೊಂದಾಗಿ ಬರತೊಡಗಿದವು.

ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲ್‌ಗಳು ಮಾತ್ರ ಸತಾಯಿಸಿದವು. ಅದರಲ್ಲಿ ಟ್ಯಾಗ್ ಬರೆಯಬಹುದು, ಆದರೆ ಎಲ್ಲ ಹುಡುಕಾಟಗಳೂ ಅದನ್ನು ಓದುವುದಿಲ್ಲ. ಅವನ್ನು ಫ್ಲ್ಯಾಕ್ ಅನ್ನೋ, ಕುಗ್ಗಿಸಿ ಇಡುವ ಬಗೆಯ ಫೈಲ್‌ಗೆ ಬದಲಾಯಿಸಿದೆ. ಧ್ವನಿ ಒಂಚೂರೂ ಕೆಡುವುದಿಲ್ಲ, ಡಿಸ್ಕಿನಲ್ಲಿ ಜಾಗವೂ ಉಳಿಯಿತು.

ಅಂತರ್ಜಾಲದಿಂದ ಆಲ್ಬಮ್ ವಿವರ ತರುವ ಸೌಲಭ್ಯ ನನಗೆ ಉಪಯೋಗಕ್ಕೆ ಬರಲಿಲ್ಲ. ಯಾರದೋ ಮನೆ ಜಗಲಿಯಲ್ಲಿ ರೆಕಾರ್ಡ್ ಮಾಡಿದ್ದು ಯಾವ ಪಟ್ಟಿಯಲ್ಲಿ ಇರುತ್ತದೆ? ಜಾಸ್ತಿ ಕೈಕೆಲಸವೇ. ಆದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಇಷ್ಟಾದರೂ ಕೆಲವು ಫೈಲ್ ಸಿಗುತ್ತಿರಲಿಲ್ಲ. ಕ್ಯಾಸೆಟ್ಟಿನ ಮೇಲೆ ಅಪ್ಪ ಬರೆದಿದ್ದನ್ನೇ ಟೈಪ್ ಮಾಡಿದ್ದೆನಲ್ಲ, ಅವರು ಕೆಲವು ಕಡೆ ‘ತಾಳಮದ್ದಲೆ’ ಅಂತ ಬರೆದಿದ್ದರು. ಎರಡೂ ರೂಢಿಯಲ್ಲಿದೆ. ತಿದ್ದಲು ಮನಸ್ಸಾಗಲಿಲ್ಲ. ಈಗ ಪ್ರತಿ ಫೈಲಿನ ಕಾಮೆಂಟ್ ಜಾಗದಲ್ಲಿ ಎರಡನ್ನೂ ಬರೆದಿಡುತ್ತೇನೆ.