ಬೆಟ್ಟ, ಜಿಮ್ಮು, ಮನೆಯ ಬಸ್ಕಿ: 56ರಲ್ಲಿ ನನಗೆ ಒಗ್ಗಿದ್ದು ಯಾವುದು?

ಹೋದ ವರ್ಷ ನೆಂಟರ ಗೃಹಪ್ರವೇಶದಲ್ಲಿ ನೆಲದ ಮೇಲೆ ಪಂಕ್ತಿ ಊಟ. ತಿಂದು ಏಳಲು ಹೋದರೆ ಮಂಡಿ ಕೇಳಲಿಲ್ಲ. ಎಂಜಲು ಕೈ ಮೇಲೆತ್ತಿ, ಎಡಗೈಯಲ್ಲಿ ಪಕ್ಕದ ಹುಡುಗನ ಹೆಗಲು ಹಿಡಿದು ಎದ್ದೆ. ಆಗ ನನಗೆ 56. ಅವತ್ತಿನಿಂದ ಮೂರು ದಾರಿ ಹಿಡಿದು ನೋಡಿದೆ, ಒಂದೊಂದಕ್ಕೂ ಸುಮಾರು ಮೂರು ತಿಂಗಳು.

ಮೊದಲು ಚಾಮುಂಡಿ ಬೆಟ್ಟ. ಮೈಸೂರಿನವನಿಗೆ ಇದಕ್ಕಿಂತ ಅಗ್ಗದ್ದು ಯಾವುದಿದೆ? ಸಾವಿರ ಮೆಟ್ಟಿಲು. ಮೊದಲ ವಾರ ನಂದಿ ಮುಟ್ಟುವಷ್ಟರಲ್ಲೇ ಏದುಸಿರು. ಎರಡನೇ ತಿಂಗಳು ಹರಟುತ್ತಾ ಹತ್ತಿದೆ. ಕಷ್ಟವಿದ್ದದ್ದು ಇಳಿಯುವುದರಲ್ಲಿ. ಮೈಭಾರವೆಲ್ಲ ಮಂಡಿ ಮೇಲೆ ಬಿದ್ದು ಒಂದು ಭಾನುವಾರ ಊದಿಕೊಂಡಿತು. ಆಮೇಲಿಂದ ಹತ್ತುವುದು ಕಾಲಲ್ಲಿ, ಇಳಿಯುವುದು ಸಿಟಿ ಬಸ್ಸಲ್ಲಿ. ಗೆಳೆಯರು ನಗುತ್ತಾರೆ, ನಗಲಿ.

ಉಸಿರಿಗೆ ಬೆಟ್ಟ ಕೊಟ್ಟಷ್ಟು ಜಿಮ್ ಕೊಡಲಿಲ್ಲ. ಬಲದ ಮಾತು ಬೇರೆ. ನನ್ನ ಪರೀಕ್ಷೆ ಗ್ಯಾಸ್ ಸಿಲಿಂಡರ್. ಗ್ಯಾಸೇ 14.2 ಕೆಜಿ, ಕಬ್ಬಿಣವೂ ಸೇರಿದರೆ 30ರ ಹತ್ತಿರ. ಬೆಟ್ಟ ಹತ್ತುತ್ತಿದ್ದಾಗಲೂ ಅದನ್ನು ಅಡುಗೆಮನೆಗೆ ಉರುಳಿಸಿಕೊಂಡೇ ಹೋಗುತ್ತಿದ್ದೆ. ಜಿಮ್ಮಿನ ಹತ್ತನೇ ವಾರ ಎತ್ತಿಕೊಂಡು ಹೋದೆ. ಡಂಬೆಲ್ ತೂಕವನ್ನು ವಾರವಾರ ಸ್ವಲ್ಪ ಏರಿಸಬಹುದು, ಮೆಟ್ಟಿಲಿಗೆ ಅದಾಗಲ್ಲ. ಹೊರೆ ಏರದಿದ್ದರೆ ಸ್ನಾಯು ಬೆಳೆಯಲ್ಲ. ನಮ್ಮ ವಯಸ್ಸಲ್ಲಿ ಸುಮ್ನೆ ಬಿಟ್ಟರೆ ಕರಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷ ಬಿರುಸು ನಡಿಗೆಯಂಥದ್ದನ್ನು ಹೇಳಿ, ಕಡಿಮೆಯೆಂದರೆ ಎರಡು ದಿನ ಸ್ನಾಯುಗಳ ಕಸರತ್ತನ್ನು ಬೇರೆಯಾಗಿಯೇ ಹೇಳುತ್ತದೆ. ‘ವಾಕಿಂಗ್ ಮಾಡ್ತೀನಲ್ವಾ, ಸಾಕು’ ಎನ್ನುತ್ತಿದ್ದವನು ನಾನೂ.

ಆದರೆ ಮೊದಲು ಸೇರಿದ ಜಿಮ್ಮಿನಲ್ಲಿ ಟ್ರೈನರ್ ಹುಡುಗ ಮೊದಲ ದಿನವೇ ತನ್ನ ವಯಸ್ಸಿನವರ ತೂಕ ಹೊರಿಸಿದ. ಹದಿನೈದು ದಿನ ಅಂಗಿ ತೊಡಲು ಹೆಂಡತಿಯ ಸಹಾಯ ಬೇಕಾಯ್ತು. ವರ್ಷದ ಫೀಸು ಒಟ್ಟಿಗೆ ಕಟ್ಟಿದ್ದೆ, ಹೋಯಿತು. ಎರಡನೇ ಕಡೆ ತಿಂಗಳ ಲೆಕ್ಕ. ಬಿಪಿ ಇದೆಯಾ ಕೇಳಿದರು, ಎತ್ತುವಾಗ ಉಸಿರು ಕಟ್ಟಬೇಡಿ ಎಂದರು, ಖಾಲಿ ರಾಡಿನಿಂದ ಶುರು ಮಾಡಿಸಿದರು.

ಇನ್ನು ಬಸ್ಕಿ. ತಾತ ಗರಡಿಯಲ್ಲಿ ಸಾಮು ಮಾಡಿದವರು, ಆ ಜಂಬ ನನಗೂ ಇತ್ತು. ಕಾಸಿಲ್ಲ, ಹತ್ತು ನಿಮಿಷ ಸಾಕು, ಕೂತು ಏಳುವ ಬಲಕ್ಕೆ ನೇರವಾದ ಮದ್ದು. ಕುರ್ಚಿ ಮೇಲೆ ಕೂತು ಏಳುವುದರಿಂದ ಶುರು ಮಾಡಿ ಮೂವತ್ತಕ್ಕೆ ಬಂದೆ. ಆಮೇಲೆ ಬೇಜಾರು. ತಪ್ಪಿಸಿದರೆ ಕೇಳುವವರಿಲ್ಲವಲ್ಲ! ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದೆ. ಮೂರನೇ ತಿಂಗಳು ಅಲ್ಲಿ ಹಾಲಿನ ಲೆಕ್ಕ ಮಾತ್ರ ಉಳಿದಿತ್ತು. ಅದೇ ಬೆಟ್ಟಕ್ಕೆ ಹೋಗದಿದ್ದರೆ ಬೆಳಿಗ್ಗೆ ಐದೂಕಾಲಿಗೇ ಗೆಳೆಯರ ಮೂರು ಫೋನು.

ಈಗ ಮಂಗಳವಾರ, ಶುಕ್ರವಾರ ಜಿಮ್. ಭಾನುವಾರ ಬೆಟ್ಟ. ಬಸ್ಕಿ ಪರಊರಿಗೆ ಹೋದಾಗ ಮಾತ್ರ. ಒಂದನ್ನೇ ಇಟ್ಟುಕೋ ಎಂದರೆ ಜಿಮ್ ಇಟ್ಟುಕೊಳ್ಳುತ್ತೇನೆ, ಆ ಹಾಡಿನ ಗಲಾಟೆ ಸಹಿಸಿಕೊಂಡೇ.

ಹೋದ ತಿಂಗಳು ನಾಮಕರಣದ ಊಟದಲ್ಲಿ ಕೈ ಊರದೆ ಎದ್ದೆ. ಹೋಳಿಗೆ ನಾಲ್ಕಾಗಿತ್ತು. ಟ್ರೈನರ್‌ಗೆ ಅದನ್ನು ಹೇಳಿಲ್ಲ.