ಬರೆದಿದ್ದನ್ನೇ ನುಂಗಿಬಿಟ್ಟ ಬ್ಲಾಗ್ ಸಾಫ್ಟ್‌ವೇರ್, 5ಕ್ಕೆ 2 ಸ್ಟಾರ್

ಎರಡು ವರ್ಷದಿಂದ ನನ್ನ ವೆಬ್‌ಸೈಟ್‌ಗೆ ಇದೇ ಸಾಫ್ಟ್‌ವೇರ್ ಹಾಕ್ಕೊಂಡಿದೀನಿ, ಇನ್‌ಸ್ಟಾಲ್ ಮಾಡೋದು ಸಲೀಸು, ಥೀಮ್‌ಗಳೂ ಚೆಂದ. ಆದ್ರೆ ಅಪ್‌ಡೇಟ್ ಬಟನ್ ಒತ್ತೋಕೆ ಹೋದ್ರೆ ಎದೆ ಡವಡವ ಅನ್ನುತ್ತೆ. ಹೋದ ತಿಂಗಳು ಒಂದು ಪ್ಲಗಿನ್ (ಸೈಟ್‌ಗೆ ಹೆಚ್ಚಿನ ಸೌಲಭ್ಯ ಸೇರಿಸೋ ಪುಟ್ಟ ಪ್ರೋಗ್ರಾಂ) ಅಪ್‌ಡೇಟ್ ಮಾಡಿದೆ, ಅದಕ್ಕೆ ಸರ್ವರ್‌ನಲ್ಲಿ ಸೈಟ್ ಓಡಿಸೋ ಪಿಎಚ್‌ಪಿ ಭಾಷೆಯ ಹೊಸ ಆವೃತ್ತಿ ಬೇಕಿತ್ತಂತೆ, ಅದನ್ನ ಮೊದಲೇ ಹೇಳಬಾರದಾ, ಇಡೀ ಸೈಟ್ ಬಿಳಿ ಹಾಳೆ ಥರ ಖಾಲಿ, ಅಡ್ಮಿನ್ ಪೇಜೂ ಓಪನ್ ಆಗ್ಲಿಲ್ಲ, ಕೊನೆಗೆ ಸರ್ವರ್‌ನ ಫೈಲ್‌ಗಳನ್ನ ನೇರವಾಗಿ ತೆರೆಯೋ ಎಫ್‌ಟಿಪಿಲಿ ಹೋಗಿ ಆ ಪ್ಲಗಿನ್ ಫೋಲ್ಡರ್ ಹೆಸರು ಬದಲಾಯಿಸಿದ ಮೇಲೇನೇ ಸೈಟ್ ಬಂದಿದ್ದು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ರಾತ್ರಿಯೆಲ್ಲಾ ಕೂತು ಬರೆದ ಉದ್ದನೆ ಲೇಖನ, ಮೂರನೇ ಪ್ಯಾರಾದಲ್ಲಿ ಒಂದು ಎಮೋಜಿ ಹಾಕಿದ್ದೆ, ಸೇವ್ ಕೊಟ್ಟು ನೋಡಿದ್ರೆ ಎಮೋಜಿಯಿಂದ ಮುಂದಕ್ಕೆ ಒಂದಕ್ಷರ ಇಲ್ಲ! ಎರರ್ ಕೂಡ ತೋರಿಸ್ಲಿಲ್ಲ. ಕೆದಕಿದಾಗ ಗೊತ್ತಾಯ್ತು, ಲೇಖನಗಳೆಲ್ಲಾ ಕೂರೋ ಡೇಟಾಬೇಸ್ ಇನ್ನೂ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನ ಹಳೇ ಯುಟಿಎಫ್8ನಲ್ಲೇ (ಅಕ್ಷರಗಳನ್ನ ಬೈಟ್‌ಗಳಾಗಿ ಉಳಿಸಿಡೋ ಪದ್ಧತಿ) ಇದೆ, ಅದರಲ್ಲಿ ಒಂದು ಅಕ್ಷರಕ್ಕೆ ಹೆಚ್ಚಂದ್ರೆ 3 ಬೈಟ್, ಕನ್ನಡಕ್ಕೆ ಅಷ್ಟು ಸಾಕು, ಎಮೋಜಿಗೆ 4 ಬೇಕು. 4 ಬೈಟ್ ಹಿಡಿಯೋ ಯುಟಿಎಫ್8ಎಂಬಿ4 ಬಂದಿದ್ದು 2010ರಲ್ಲಿ, ಇಷ್ಟು ವರ್ಷ ಆದ್ರೂ ಯಾಕೆ ಬದಲಾಯಿಸಿಲ್ಲ? ಕಳೆದುಹೋದ ಆ ಲೇಖನ ಮತ್ತೆ ಅದೇ ಥರ ಬರೆಯೋಕೆ ಆಗ್ಲೇ ಇಲ್ಲ. ಈಗ ಎಲ್ಲಾ ಬೇರೆ ಕಡೆ ಟೈಪ್ ಮಾಡಿ ಕಾಪಿ ಇಟ್ಕೊಂಡು ಆಮೇಲೆ ಪೇಸ್ಟ್ ಮಾಡ್ತೀನಿ.