ಸೇಡಂ ರಸ್ತೆಯ ರೇಸಿಂಗ್ ಸಿಮ್ಯುಲೇಟರ್: ಅರ್ಧ ಗಂಟೆಗೆ 150 ರೂಪಾಯಿ, ಮುರಿಯದ ರೆಕ್ಕೆ

ಕಲಬುರಗಿಯ ಸೇಡಂ ರಸ್ತೆಯಲ್ಲಿ, ಮೊಬೈಲ್ ರಿಪೇರಿ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ಕಳೆದ ವರ್ಷ ತೆರೆದ ಗೇಮಿಂಗ್ ಸೆಂಟರ್‌ಗೆ ನಾನು ಈವರೆಗೆ ಮೂರು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಹೋದದ್ದು ಅಣ್ಣನ ಮಗನ ಒತ್ತಾಯಕ್ಕೆ, ಎರಡನೆಯ ಸಲ ನನ್ನದೇ ಹುಚ್ಚಿಗೆ, ಮೂರನೆಯ ಸಲ ಇದನ್ನು ಬರೆಯುವ ಮುನ್ನ ಒಂದೆರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಲು. ಹೊರಗಿನ ಹಜಾರದಲ್ಲಿ ಪ್ಲೇಸ್ಟೇಷನ್ ಇಟ್ಟಿರುವ ನಾಲ್ಕು ಟೇಬಲ್‌ಗಳ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಅಂಥವು ಊರಿನಲ್ಲಿ ಬೇಕಾದಷ್ಟಿವೆ. ನಾನು ಬರೆಯುತ್ತಿರುವುದು ಒಳಕೋಣೆಯ ಎರಡು ರೇಸಿಂಗ್ ಸಿಮ್ಯುಲೇಟರ್‌ಗಳ ಬಗ್ಗೆ, ಅಂದರೆ ಆಸನದಲ್ಲಿ ಕೂತು ಪರದೆಯ ಮೇಲಿನ ರೇಸ್ ಕಾರನ್ನು ಓಡಿಸುವ ಯಂತ್ರಗಳ ಬಗ್ಗೆ. ನಿಜವಾದ ರೇಸ್ ಟ್ರ್ಯಾಕ್ ನೋಡಬೇಕೆಂದರೆ ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕಾದ ನಮ್ಮ ಭಾಗದವರಿಗೆ, ಅರ್ಧ ಗಂಟೆಗೆ 150 ರೂಪಾಯಿ ಕೊಟ್ಟು ಇಟಲಿಯ ಇಮೋಲಾ ಟ್ರ್ಯಾಕಿನಲ್ಲಿ ಕಾರು ಓಡಿಸುವ ಅವಕಾಶ ಸಿಕ್ಕಿರುವುದು ಸಣ್ಣ ಮಾತಲ್ಲ.

ಆಸನ ಹಳೆಯ ಮಾರುತಿ ಕಾರಿನದು. ಅದನ್ನು ಚೌಕ ಪೈಪಿನ ಚೌಕಟ್ಟಿಗೆ ಊರಿನಲ್ಲೇ ವೆಲ್ಡಿಂಗ್ ಮಾಡಿಸಿ ಕೂರಿಸಿದ್ದಾರೆ. ಬೆಸುಗೆಯ ಗಂಟುಗಳ ಮೇಲೆ ಬಳಿದ ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿದೆಯಾದರೂ, ಎಂಬತ್ತೈದು ಕಿಲೋ ತೂಗುವ ನಾನು ಬ್ರೇಕನ್ನು ಬಲವಾಗಿ ತುಳಿದಾಗ ಚೌಕಟ್ಟು ಅಲುಗಲಿಲ್ಲ. ಅಲುಗಿದ್ದು ಪೆಡಲ್ ಕೂರಿಸಿದ ಹಲಗೆ. ಟೈಲ್ಸ್ ನೆಲದ ಮೇಲೆ ಅದು ಮುಂದಕ್ಕೆ ಜಾರಿಹೋಗುತ್ತಿತ್ತು. ಅದನ್ನು ಹೇಳಿದ್ದಕ್ಕೆ, ಎರಡನೆಯ ಭೇಟಿಯ ಹೊತ್ತಿಗೆ ಹಲಗೆಯ ಕೆಳಗೆ ಲಾರಿ ಟ್ಯೂಬಿನ ತುಂಡೊಂದನ್ನು ಹಾಸಿದ್ದರು. ಗಿರಾಕಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವ ಅಂಗಡಿ ಎಂಬುದಕ್ಕೆ ನನಗೆ ಅಷ್ಟು ಸಾಕಾಯಿತು.

ಸ್ಟಿಯರಿಂಗ್ ಮಧ್ಯಮ ದರ್ಜೆಯದು, ಒಟ್ಟು 900 ಡಿಗ್ರಿ ತಿರುಗುತ್ತದೆ. ಒಳಗಿರುವ ಮೋಟರು ಮತ್ತು ಗೇರುಗಳು ಟೈರಿನ ಹಿಡಿತವನ್ನು, ರಸ್ತೆಯ ಉಬ್ಬುತಗ್ಗನ್ನು, ಟ್ರ್ಯಾಕಿನ ಅಂಚಿಗಿರುವ ಕೆಂಪು-ಬಿಳಿ ಕರ್ಬ್ ಮೇಲೆ ಚಕ್ರ ಹತ್ತಿದ್ದನ್ನು ಅಂಗೈಗೆ ತಲುಪಿಸುತ್ತವೆ. ಬಲಗಡೆಯ ಯಂತ್ರದಲ್ಲಿ ಇದು ಚೆನ್ನಾಗಿದೆ. ಎಡಗಡೆಯದರಲ್ಲಿ ನಡುಭಾಗದಲ್ಲಿ ಎರಡು ಬೆರಳಿನಷ್ಟು ಸಡಿಲ ಬಂದಿದ್ದು, ನೇರ ಹಾದಿಯಲ್ಲಿ ಕಾರು ಎತ್ತಿನ ಬಂಡಿಯಂತೆ ಅತ್ತಿತ್ತ ವಾಲಾಡುತ್ತದೆ. ಏಸಿಯ ಗಾಳಿ ತಗಲುವುದೂ ಬಲಗಡೆಯವರಿಗೇ. ಮೇ ತಿಂಗಳ ಕಲಬುರಗಿಯಲ್ಲಿ ಮೂರು ಗಂಟೆಯ ಹೊತ್ತಿಗೆ ಎಡಗಡೆ ಕೂತವನ ಅಂಗೈ ಬೆವರಿಗೆ ಸ್ಟಿಯರಿಂಗ್ ಜಾರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡಕ್ಕೂ ದರ ಒಂದೇ ಇಟ್ಟಿರುವುದು ನ್ಯಾಯವಲ್ಲ.

ಇಷ್ಟು ಸಲಕರಣೆಯ ಮಾತಾಯಿತು. ನನ್ನ ಮುಖ್ಯ ತಕರಾರು ಬೇರೆ ಇದೆ, ಅದನ್ನು ಹೇಳಲು ಗೋಡೆಯ ಮೇಲಿನ ಚಿತ್ರದಿಂದ ಶುರುಮಾಡಬೇಕು. ಒಳಕೋಣೆಯ ಗೋಡೆಗೆ ಬ್ರೆಜಿಲ್‌ನ ಹೆಸರಾಂತ ಫಾರ್ಮುಲಾ ಒನ್ ರೇಸ್ ಚಾಲಕ ಐರ್ಟನ್ ಸೆನ್ನಾನ ದೊಡ್ಡ ಪೋಸ್ಟರ್ ಅಂಟಿಸಿದ್ದಾರೆ, ಕೆಳಗೆ ಅವನು ಸತ್ತ ಇಮೋಲಾದ ಹೆಸರೂ 1994ರ ಮೇ 1 ಎಂಬ ದಿನಾಂಕವೂ ಇವೆ. ಅಂಗಡಿಯ ಹುಡುಗ ಹೊಸಬರಿಗೆಲ್ಲ ಅದನ್ನು ತೋರಿಸಿ, ಆಮೇಲೆ ಅದೇ ಟ್ರ್ಯಾಕನ್ನು ಪರದೆಯ ಮೇಲೆ ತೆರೆಯುತ್ತಾನೆ. ಅದರ ಹಿಂದಿನ ದಿನ, ಏಪ್ರಿಲ್ 30ರ ಶನಿವಾರ, ಅದೇ ಟ್ರ್ಯಾಕಿನಲ್ಲಿ ಇನ್ನೊಬ್ಬ ಚಾಲಕ ಸತ್ತಿದ್ದನೆಂಬುದು ಅವನಿಗೆ ಗೊತ್ತಿರಲಿಲ್ಲ. ಅದಕ್ಕಾಗಿ ಅವನನ್ನು ದೂರುವಂತಿಲ್ಲ. ಆ ವಾರ ಜಗತ್ತೂ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಂಡಿತ್ತು.

ಶನಿವಾರ ಸತ್ತ ಆ ಚಾಲಕನ ಹೆಸರು ರೋಲಂಡ್ ರಾಟ್ಸೆನ್‌ಬರ್ಗರ್. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ 1960ರ ಜುಲೈ 4ರಂದು ಹುಟ್ಟಿದವನು. ಹಣವಂತರ ಮಕ್ಕಳೇ ತುಂಬಿದ ಈ ಆಟದಲ್ಲಿ ಅವನು ಮೆಕ್ಯಾನಿಕ್ ಕೆಲಸ ಮಾಡುತ್ತ, ರೇಸಿಂಗ್ ಕಲಿಸುವ ಶಾಲೆಯಲ್ಲಿ ದುಡಿಯುತ್ತ ಮೇಲೆ ಬಂದ. 1986ರಲ್ಲಿ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ನಡೆದ ಹೊಸ ಚಾಲಕರ ಫಾರ್ಮುಲಾ ಫೋರ್ಡ್ ಫೆಸ್ಟಿವಲ್ ಎಂಬ ರೇಸನ್ನು ಗೆದ್ದ. ಆಮೇಲೆ ವರ್ಷಗಟ್ಟಲೆ ಜಪಾನಿನಲ್ಲಿ ಓಡಿಸಿದ. 1993ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸಿನಲ್ಲಿ ಇಬ್ಬರು ಜೊತೆಗಾರರೊಂದಿಗೆ ಟೊಯೋಟಾ ಓಡಿಸಿ ಐದನೆಯವನಾಗಿ ಮುಗಿಸಿದ. ವಯಸ್ಸು ಹೆಚ್ಚಾಯಿತೆಂದು ತಂಡಗಳು ಮೂಗು ಮುರಿಯಬಾರದೆಂದು ತಾನು ಹುಟ್ಟಿದ್ದು 1962ರಲ್ಲಿ ಎಂದು ಹೇಳಿಕೊಳ್ಳುತ್ತಿದ್ದನಂತೆ. ಶಾಲೆಗೆ ಸೇರಿಸುವಾಗ ಜೂನ್ 1ನ್ನೇ ಹುಟ್ಟಿದ ದಿನವೆಂದು ಬರೆಸಿದ ತಲೆಮಾರಿನ ನಮಗೆ ಈ ಸುಳ್ಳು ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ.

ಹೀಗೆ ಮೂವತ್ಮೂರರ ಪ್ರಾಯದಲ್ಲಿ, ಅದೂ ಐದೇ ರೇಸುಗಳ ಮಟ್ಟಿಗೆ, ಸಿಮ್‌ಟೆಕ್ ಎಂಬ ಹೊಸ ಬಡ ತಂಡದಲ್ಲಿ ಅವನಿಗೆ ಫಾರ್ಮುಲಾ ಒನ್ ಆಸನ ಸಿಕ್ಕಿತು. ಬ್ರೆಜಿಲ್‌ನಲ್ಲಿ ಅರ್ಹತೆಯೇ ದಕ್ಕಲಿಲ್ಲ. ಜಪಾನಿನ ಐದಾದಲ್ಲಿ ಹನ್ನೊಂದನೆಯವನಾಗಿ ಮುಗಿಸಿದ. ಮೂರನೆಯದು ಇಮೋಲಾ. ಅಲ್ಲಿ 28 ಕಾರುಗಳು ಬಂದಿದ್ದವು, ರೇಸಿನಲ್ಲಿ ಜಾಗ ಇದ್ದದ್ದು 26ಕ್ಕೆ. ನಿಧಾನದ ಕಾರಿನವನಿಗೆ ಶನಿವಾರದ ಅರ್ಹತಾ ಓಟದ ಪ್ರತಿ ಸುತ್ತೂ ಅನ್ನದ ಪ್ರಶ್ನೆ. ಆಕ್ವೆ ಮಿನರಾಲಿ ಎಂಬ ತಿರುವಿನಲ್ಲಿ ಅವನು ಟ್ರ್ಯಾಕಿನ ಅಂಚು ದಾಟಿ ಹೋಗಿ, ಕಾರಿನ ಮುಂದಿನ ರೆಕ್ಕೆಗೆ ಪೆಟ್ಟಾಯಿತು. ಅಲ್ಲಿಂದ ಮುಂದೆ, ತಂಡದವರು ಕಾರು ರಿಪೇರಿ ಮಾಡುವ ಜಾಗವಾದ ಪಿಟ್‌ಗೆ ತಿರುಗುವ ದಾರಿ ಇತ್ತು. ಅವನು ತಿರುಗಲಿಲ್ಲ, ಇನ್ನೊಂದು ವೇಗದ ಸುತ್ತಿಗೆ ಹೊರಟ. ರೆಕ್ಕೆಯ ಕೆಲಸವೆಂದರೆ ಎದುರು ಗಾಳಿಯನ್ನು ಬಳಸಿಕೊಂಡು ಕಾರಿನ ಮೂತಿಯನ್ನು ನೆಲಕ್ಕೆ ಒತ್ತಿಹಿಡಿಯುವುದು. ವೇಗ ಹೆಚ್ಚಿದಷ್ಟೂ ಆ ಒತ್ತಡ ಹೆಚ್ಚುತ್ತದೆ, ಪೆಟ್ಟಾದ ರೆಕ್ಕೆಯ ಮೇಲಿನ ಭಾರವೂ ಹೆಚ್ಚುತ್ತದೆ. ತಂಬುರೆಲ್ಲೊ ಎಂಬ ತಿರುವು ದಾಟಿ ವಿಲ್ನವ್ ತಿರುವಿನ ಕಡೆಗೆ ಪೂರ್ತಿ ವೇಗದಲ್ಲಿ ಹೋಗುವಾಗ ರೆಕ್ಕೆ ಕಿತ್ತು ಕಾರಿನ ಅಡಿಗೆ ಸೇರಿತು. ಮುಂದಿನ ಚಕ್ರಗಳಿಗೆ ಹಿಡಿತ ತಪ್ಪಿ, ತಿರುಗಬೇಕಾದ ಕಾರು ನೇರವಾಗಿ ಹೋಗಿ ಗಂಟೆಗೆ ಸುಮಾರು 315 ಕಿಲೋಮೀಟರ್ ವೇಗದಲ್ಲಿ ಕಾಂಕ್ರೀಟ್ ಗೋಡೆಗೆ ಬಡಿಯಿತು. ತಲೆಬುರುಡೆಯ ತಳ ಮುರಿದು ಅವನು ತೀರಿಕೊಂಡ. ಫಾರ್ಮುಲಾ ಒನ್ ರೇಸಿನ ವಾರಾಂತ್ಯವೊಂದರಲ್ಲಿ ಚಾಲಕನೊಬ್ಬ ಸತ್ತದ್ದು 1982ರಲ್ಲಿ ಕೆನಡಾದಲ್ಲಿ ರಿಕಾರ್ಡೊ ಪಾಲೆಟ್ಟಿ ಸತ್ತ ನಂತರ ಅದೇ ಮೊದಲು.

ಮೊದಲ ಭೇಟಿಯಲ್ಲಿ ನಾನು ಆ ವಿಲ್ನವ್ ತಿರುವನ್ನು ಹುಡುಕಿದೆ, ಸಿಗಲಿಲ್ಲ. ಆ ಹೆಸರಿನ ಜಾಗವೇನೋ ಇದೆ. ಆದರೆ ಆಗ 5.040 ಕಿಲೋಮೀಟರ್ ಇದ್ದ ಇಮೋಲಾದಲ್ಲಿ 1995ರಿಂದ ತಂಬುರೆಲ್ಲೊ ಮತ್ತು ವಿಲ್ನವ್ ಎರಡನ್ನೂ ಮುರಿದು, ಬ್ರೇಕ್ ಹಾಕಲೇಬೇಕಾದ ಅಂಕುಡೊಂಕು ತಿರುವುಗಳನ್ನಾಗಿ ಮಾಡಿದ್ದಾರೆ. ಈಗಿನ ಟ್ರ್ಯಾಕು 4.909 ಕಿಲೋಮೀಟರ್, ಈ ಅಂಗಡಿಯ ಗೇಮಿನಲ್ಲಿರುವುದೂ ಅದೇ. ಹಳೆಯ ಇಮೋಲಾ ಇದೆಯೇ ಎಂದು ಮೂರನೆಯ ಭೇಟಿಯಲ್ಲಿ ಮಾಲೀಕರನ್ನೇ ಕೇಳಿ ಖಚಿತಪಡಿಸಿಕೊಂಡೆ, ಇಲ್ಲ. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ, ಆದರೆ ಸೆನ್ನಾ ಸತ್ತ ಜಾಗವನ್ನೇ ಓಡಿಸಿ ಎಂದು ಹುಡುಗರಿಗೆ ಹೇಳುವುದು ಸರಿಯಲ್ಲ.

ನನ್ನ ತಕರಾರು ಇರುವುದು ಸೆಟ್ಟಿಂಗ್‌ನಲ್ಲಿ. ಇಲ್ಲಿ ಡ್ಯಾಮೇಜ್ ಎಂಬ ಆಯ್ಕೆಯನ್ನು ಪೂರ್ತಿ ಆಫ್ ಮಾಡಿ ಇಟ್ಟಿದ್ದಾರೆ. ಗೋಡೆಗೆ ಗುದ್ದಿ, ಕರ್ಬ್ ಮೇಲೆ ಹಾರಿ, ಮುಂದಿನ ಕಾರಿನ ಬೆನ್ನಿಗೆ ಮೂತಿ ತಿವಿದರೂ ಕಾರಿಗೆ ಗೀರು ಬೀಳುವುದಿಲ್ಲ. ಅಣ್ಣನ ಮಗ ಹನ್ನೆರಡು ಸುತ್ತಿನಲ್ಲಿ ಒಂಬತ್ತು ಸಲ ಗೋಡೆ ಮುಟ್ಟಿಯೂ, ಕಾಕಾ, ನನ್ನ ಟೈಮ್ ನೋಡ್ರಿ ಎಂದು ಹಿಗ್ಗಿದ. ಇದನ್ನು ಕೇಳಿದಾಗ ಮಾಲೀಕರು ಕೊಟ್ಟ ಉತ್ತರ ವ್ಯಾಪಾರದ ದೃಷ್ಟಿಯಿಂದ ತಪ್ಪಲ್ಲ: “ಡ್ಯಾಮೇಜ್ ಆನ್ ಇಟ್ರ ಹುಡುಗ್ರು ಎರಡ ನಿಮಿಷದಾಗ ಗಾಡಿ ಮುರ್ಕೊಂಡು ಕುಂದರ್ತಾರ್ರೀ ಸರ, ಆಮ್ಯಾಗ ನನ್ನ ಜೋಡಿ ಜಗಳಕ್ಕ ಬರ್ತಾರ.” ಆದರೆ ಕಾರು ಮುರಿಯುವುದೇ ಇಲ್ಲವೆಂದಾದರೆ ಪೆಟ್ಟಾದ ಕಾರನ್ನು ಪಿಟ್‌ಗೆ ತರಬೇಕೇ, ಇನ್ನೊಂದು ಸುತ್ತು ಹೊಡೆಯಬೇಕೇ ಎಂಬ ಪ್ರಶ್ನೆಯೇ ಓಡಿಸುವವನಿಗೆ ಎದುರಾಗುವುದಿಲ್ಲ. ರಾಟ್ಸೆನ್‌ಬರ್ಗರ್‌ನ ಕಡೆಯ ಗಳಿಗೆಯಲ್ಲಿ ಇದ್ದದ್ದು ಆ ಪ್ರಶ್ನೆ ಒಂದೇ.

ಎರಡನೆಯ ಭೇಟಿಯಲ್ಲಿ ಕೇಳಿಕೊಂಡಾಗ ಅವರು ಬೇಸರಿಸದೆ ಆನ್ ಮಾಡಿಕೊಟ್ಟರು. ಎಂಟನೆಯ ಸುತ್ತಿನಲ್ಲಿ ಆಕ್ವೆ ಮಿನರಾಲಿಯ ಇಳಿಜಾರಿನಲ್ಲಿ ಬ್ರೇಕ್ ತಡವಾಗಿ ಹಾಕಿ ಕರ್ಬ್ ದಾಟಿದೆ. ಹೆಡ್‌ಫೋನಿನಲ್ಲಿ ಪ್ಲಾಸ್ಟಿಕ್ ಬುಟ್ಟಿ ತುಳಿದಂಥ ಒಂದು ಸದ್ದು ಬಂತು. ಆಮೇಲೆ ಸ್ಟಿಯರಿಂಗ್ ಹಗುರಾಯಿತು. ಅದುವರೆಗೆ ಕೈಯನ್ನು ಎಳೆಯುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಹಗ್ಗ ಬಿಚ್ಚಿದ ಎಮ್ಮೆಯ ಮೂಗುದಾರದಂತೆ ಸಡಿಲಾಗಿ ಕೈಗೆ ಬಂದದ್ದನ್ನು ನಾನು ಮರೆಯಲಾರೆ. 150 ರೂಪಾಯಿಯ ಪೈಕಿ 100 ರೂಪಾಯಿ ಆ ಒಂದು ಕ್ಷಣಕ್ಕೆ ಸಲ್ಲುತ್ತದೆ. ರಿವಾಜ್ಜಾ ತಿರುವು ದಾಟಿ ಪಿಟ್‌ನ ದಾರಿ ಎದುರಾಯಿತು. ಗೋಡೆಯ ಟೈಮರಿನಲ್ಲಿ ನಾಲ್ಕು ನಿಮಿಷ ಉಳಿದಿತ್ತು. ಪಿಟ್‌ಗೆ ಹೋದರೆ ರೆಕ್ಕೆ ಬದಲಿಸುವಷ್ಟರಲ್ಲಿ ಅರ್ಧ ನಿಮಿಷ ಹೋಗುತ್ತದೆ, ಕೊಟ್ಟ ದುಡ್ಡು ದಂಡ ಎನಿಸಿ ನೇರ ಹೋದೆ. ವಿಲ್ನವ್‌ನಲ್ಲಿ ಕೈ ಪೂರ್ತಿ ತಿರುಗಿಸಿದರೂ ಕಾರು ತಿರುಗಲಿಲ್ಲ. ಜಲ್ಲಿಯ ಮೇಲೆ ಹಾದು ತಡೆಗೋಡೆಗೆ ಹೊಕ್ಕಿತು. ಪರದೆ ಒಂದು ಸಲ ಮಬ್ಬಾಗಿ, ಗುಂಡಿ ಒತ್ತಿದ ಮೇಲೆ ಕಾರು ಹೊಸದಾಗಿ ಪಿಟ್‌ನಲ್ಲಿ ನಿಂತಿತ್ತು. ಪಕ್ಕದ ಯಂತ್ರದ ಹುಡುಗ, ಅಂಕಲ್, ಒಳಗ ಬರಬೇಕಿತ್ತು ನೋಡ್ರಿ ಎಂದ. ಅವನ ಮಾತು ಸರಿಯಾಗಿಯೇ ಇತ್ತು.

ಯಂತ್ರವು ಎಷ್ಟೇ ಚೆನ್ನಾಗಿದ್ದರೂ ಕುತ್ತಿಗೆಯ ಮೇಲೆ ಬೀಳುವ ಭಾರವನ್ನು ತೋರಿಸಲಾರದು, ಮತ್ತು ರಾಟ್ಸೆನ್‌ಬರ್ಗರ್ ಸತ್ತದ್ದು ಅದರಿಂದ. ಬೆಲ್ಟು ದೇಹವನ್ನು ಆಸನಕ್ಕೆ ಹಿಡಿದಿಟ್ಟರೂ ಹೆಲ್ಮೆಟ್ ತೊಟ್ಟ ತಲೆ ಮುಂದಕ್ಕೆ ಹೋಗಿ, ಎಳೆತವೆಲ್ಲ ತಲೆಬುರುಡೆಯ ಬುಡದ ಮೇಲೆ ಬೀಳುತ್ತದೆ. ಇದಕ್ಕೆ ಪರಿಹಾರ ಆಗಲೇ ಇತ್ತು. 1981ರಲ್ಲಿ ಅಮೆರಿಕದಲ್ಲಿ ಪರೀಕ್ಷಾ ಓಟದ ವೇಳೆ ಪ್ಯಾಟ್ರಿಕ್ ಜಾಕ್‌ಮಾರ್ ಎಂಬ ಫ್ರೆಂಚ್ ಚಾಲಕ ಸತ್ತ. ಇವನೂ ಹೆಚ್ಚು ಜನಕ್ಕೆ ಗೊತ್ತಿಲ್ಲದವನೇ. ಅವನ ಗೆಳೆಯ ಜಿಮ್ ಡೌನಿಂಗ್ ಎಂಬ ರೇಸರ್ ಮತ್ತು ಡೌನಿಂಗ್‌ನ ಭಾವಮೈದುನರಾದ ರಾಬರ್ಟ್ ಹಬರ್ಡ್ ಎಂಬ ಪ್ರಾಧ್ಯಾಪಕರು ಸೇರಿ, ಹೆಗಲ ಮೇಲೆ ಕೂತು ಹೆಲ್ಮೆಟನ್ನು ಪಟ್ಟಿಗಳಿಂದ ಹಿಡಿದಿಡುವ ಕೊರಳಪಟ್ಟಿಯನ್ನು ತಯಾರಿಸಿದರು. ಹ್ಯಾನ್ಸ್ ಎಂದು ಕರೆಯುವ ಅದು ಫಾರ್ಮುಲಾ ಒನ್‌ನಲ್ಲಿ ಕಡ್ಡಾಯವಾದದ್ದು 2003ರಲ್ಲಿ. ಅಂಗಡಿಯ ಗಾಜಿನ ಕಪಾಟಿನಲ್ಲಿ ಫೋಟೋ ತೆಗೆಸಿಕೊಳ್ಳುವವರಿಗೆಂದು ಒಂದು ಕೆಂಪು ಹೆಲ್ಮೆಟ್ ಇಟ್ಟಿದ್ದಾರೆ. ಒಂದು ಬೈಕಿನಲ್ಲಿ ಮೂವರು ಬರಿತಲೆಯಲ್ಲಿ ಬಂದ ಹುಡುಗರು ಸರದಿ ಪ್ರಕಾರ ಅದನ್ನು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವುದನ್ನು ನೋಡಿದೆ.

ಇಮೋಲಾದ ಭಾನುವಾರದ ರೇಸ್ ನಿಲ್ಲಲಿಲ್ಲ. ಅದರಲ್ಲಿ ಸೆನ್ನಾ ಸತ್ತ. ಅವನ ಕಾರಿನಲ್ಲಿ ಮಡಚಿಟ್ಟ ಆಸ್ಟ್ರಿಯಾದ ಬಾವುಟ ಸಿಕ್ಕಿತು, ರಾಟ್ಸೆನ್‌ಬರ್ಗರ್‌ನ ನೆನಪಿಗೆ ಹಾರಿಸಲೆಂದು ಇಟ್ಟುಕೊಂಡದ್ದು. ಎಲ್ಲರೂ ಸೆನ್ನಾನ ಅಂತ್ಯಕ್ರಿಯೆಗೆ ಹೋಗುತ್ತಾರೆಂದು ತಿಳಿದೇ, ರೇಸಿಂಗ್ ಒಕ್ಕೂಟದ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ರಾಟ್ಸೆನ್‌ಬರ್ಗರ್‌ನ ಅಂತ್ಯಕ್ರಿಯೆಗೆಂದು ಸಾಲ್ಜ್‌ಬರ್ಗ್‌ಗೆ ಹೋದರು. ಮುಂದಿನ ರೇಸ್ ನಡೆದ ಮೊನಾಕೋದಲ್ಲಿ ಕಾರುಗಳು ಹೊರಡುವ ಸಾಲಿನ ಮೊದಲ ಎರಡು ಜಾಗಗಳನ್ನು ಖಾಲಿ ಬಿಟ್ಟು ಬ್ರೆಜಿಲ್ ಮತ್ತು ಆಸ್ಟ್ರಿಯಾದ ಬಾವುಟಗಳನ್ನು ನೆಲದ ಮೇಲೆ ಬರೆದಿದ್ದರು. ಆ ವರ್ಷದ ಲ ಮಾನ್‌ನಲ್ಲಿ ರಾಟ್ಸೆನ್‌ಬರ್ಗರ್ ಓಡಿಸಬೇಕಿದ್ದ ಟೊಯೋಟಾದ ಮೇಲೆ ಅವನ ಹೆಸರನ್ನು ಹಾಗೆಯೇ ಉಳಿಸಿಕೊಂಡು ಅವನ ಬದಲಿಗೆ ಎಡ್ಡಿ ಇರ್ವೈನ್ ಓಡಿಸಿದ, ಕಾರು ಎರಡನೆಯ ಸ್ಥಾನ ಪಡೆಯಿತು.

ಹೋಗುವವರಿಗೆ ಎರಡು ಮಾತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಬಲಗಡೆಯ ಯಂತ್ರ ಖಾಲಿ ಇರುತ್ತದೆ, ಸಂಜೆ ಕಾಲೇಜು ಬಿಟ್ಟ ಮೇಲೆ ಒಂದು ಗಂಟೆ ಕಾಯಬೇಕು. ಕರೆಂಟು ಹೋದರೆ ಕಂಪ್ಯೂಟರಿಗೆ ಯುಪಿಎಸ್ ಇದೆ, ಮಾನಿಟರಿಗೆ ಇಲ್ಲ. ಆದ್ದರಿಂದ ಕಾರು ಕತ್ತಲೆಯಲ್ಲಿ ಓಡುತ್ತಲೇ ಇರುತ್ತದೆ. ಹಾಗೆ ಹೋದ ನಿಮಿಷಗಳನ್ನು ಲೆಕ್ಕಹಾಕಿ ಕೊಡುತ್ತಾರೆ, ಅದರಲ್ಲಿ ಮೋಸವಿಲ್ಲ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಎಡಗಡೆಯ ಸ್ಟಿಯರಿಂಗ್ ರಿಪೇರಿಯಾದರೆ ನಾಲ್ಕು.

ಮೂರನೆಯ ಸಲ ಹೋದಾಗ ಬಲಗಡೆಯ ಮಾನಿಟರಿನ ಅಂಚಿಗೆ ನೋಟ್‌ಬುಕ್ ಹಾಳೆಯೊಂದನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿದ್ದರು. ನೀಲಿ ಪೆನ್ನಿನಲ್ಲಿ ಹೀಗೆ ಬರೆದಿತ್ತು: “ಡ್ಯಾಮೇಜ್ ಬೇಕಾದವರು ಮೊದಲೇ ಹೇಳಬೇಕು. ಗಾಡಿ ಮುರಿದರೆ ರೊಕ್ಕ ವಾಪಸ್ ಇಲ್ಲ.”